ಭಾವನ ಬೆಟ್ಟದಲ್ಲಿ ಬಾಡಿಗೆ ಕೋಣೆ

ನಮ್ಮ ಮಧುವನಹಳ್ಳಿ ಇರುವುದು ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯಲ್ಲಿ. ಈ ದಾರಿಯಲ್ಲಿ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಭಕ್ತರಿಗೆ ರಾತ್ರಿ ಕಳೆಯಲು ಒಂದು ಜಗಲಿ, ಒಂದು ಮರದಡಿ ಸಾಕು. ಕಾಡಿನಲ್ಲಿ ಮಲಗುವುದಕ್ಕೆ ಸಾವಿರಗಟ್ಟಲೆ ಬಾಡಿಗೆ ಕೊಡುವವರಿದ್ದಾರೆ ಎಂದರೆ ಊರಿನ ಹಿರಿಯರು ಈಗಲೂ ನಗುತ್ತಾರೆ. ಆದರೆ ಕೊಡುವವರು ಇದ್ದಾರೆ, ಯಳಂದೂರಿನ ಮೇಲಿರುವ ಬಿಳಿಗಿರಿರಂಗನ ಬೆಟ್ಟದಲ್ಲೇ ಇದ್ದಾರೆ. ಕಾಡಿನ ವಸತಿಯ ಚರಿತ್ರೆ ನನ್ನ ಸಂಶೋಧನೆಯ ಒಂದು ಭಾಗವಾದ್ದರಿಂದ ನನ್ನನ್ನು ಕಾಡುವ ಪ್ರಶ್ನೆ ಬಾಡಿಗೆಯದಲ್ಲ. ಈ ಬೆಟ್ಟದಲ್ಲಿ ಮನೆಯವರು ಯಾರು, ನೆಂಟರು ಯಾರು?

ಸೋಲಿಗರನ್ನು ಕೇಳಿದರೆ ಉತ್ತರ ಸುಲಭ. ರಂಗಪ್ಪ ಅವರ ಹೆಣ್ಣುಮಗಳು ಕುಸುಮಬಾಲೆಯನ್ನು ಮದುವೆಯಾದವನು, ಆದ್ದರಿಂದ ಅವನು ಅವರಿಗೆ ಭಾವ. ದೇವರೇ ಇಲ್ಲಿ ಹೆಣ್ಣು ಕೇಳಿಕೊಂಡು ಬಂದ ಹೊರಗಿನವನು! ಕಾಡು ಅವರ ಪಾಲಿಗೆ ಕುಲಕುಲಕ್ಕೆ ಹಂಚಿಹೋದ ಎಲ್ಲೆಗಳು. ಪ್ರತಿ ಎಲ್ಲೆಯಲ್ಲೂ ದೇವರು, ಮಾರಮ್ಮ, ವೀರು, ಹಿರಿಯರ ಕಲ್ಲುಗುಡಿ, ಅಬ್ಬಿ. ಅಬ್ಬಿ ಎಂದರೆ ನೀರಿನ ಸೆಲೆ. ಪ್ರವಾಸಿಗಳು ಬಯಸುವ ಬಿಸಿನೀರಿನ ಬುಗ್ಗೆ ಈ ಬೆಟ್ಟದಲ್ಲಿಲ್ಲ, ಅದಕ್ಕೆ ಪುತ್ತೂರಿನ ಬಳಿಯ ಬೆಂದ್ರುತೀರ್ಥಕ್ಕೆ ಹೋಗಬೇಕು. ಇಲ್ಲಿ ಇರುವುದು ತಣ್ಣೀರಿನ ಅಬ್ಬಿ, ಅದೂ ಸ್ನಾನಕ್ಕಲ್ಲ, ಪೂಜೆಗೆ.

ಹೊರಗಿನವರು ಬೆಟ್ಟದಲ್ಲಿ ಹಾಸಿಗೆ ಹಾಸಿದ್ದು ಬೇಟೆ ಮತ್ತು ಕಾಫಿಯ ನೆಪದಲ್ಲಿ. ಮೈಸೂರು ಅರಸರು ಬೇಟೆಗೆ ಬಂದು ತಂಗುತ್ತಿದ್ದುದು ಕ್ಯಾತದೇವರಗುಡಿಯಲ್ಲಿ. ಅತ್ತಿಖಾನೆಯಲ್ಲಿ 19ನೇ ಶತಮಾನದ ಕೊನೆಯ ಹೊತ್ತಿಗೆ ಮಾರಿಸ್ ಎಂಬ ಸ್ಕಾಟಿಷ್ ಕುಟುಂಬ ಕಾಫಿ ತೋಟ ಮಾಡಿತು. ಮಗ ರಾಂಡಾಲ್ಫ್ ಮಾರಿಸ್ ಹೊನ್ನಮೇಟಿಯಲ್ಲಿ ನೆಲೆಸಿ ಇಲ್ಲಿನ ಪ್ರಾಣಿಗಳ ಬಗ್ಗೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಗೆ ವರ್ಷಗಟ್ಟಲೆ ಬರೆದ. ಅವನ ಮಗಳು ಮೋನಿಕಾ ಜಾಕ್ಸನ್ 1955ರಲ್ಲಿ ಹೆಂಗಸರೇ ಇದ್ದ ಹಿಮಾಲಯ ಯಾತ್ರೆಯ ಮುಂದಾಳಾಗಿದ್ದವಳು, ಮುಂದೆ ಈ ಬೆಟ್ಟದ ನೆನಪುಗಳನ್ನು ‘ಗೋಯಿಂಗ್ ಬ್ಯಾಕ್’ ಎಂಬ ಪುಸ್ತಕ ಮಾಡಿದಳು. ಬೆಟ್ಟದ ಬಗ್ಗೆ ನಮಗೆ ಸಿಗುವ ಬರಹದಲ್ಲಿ ಬಹುಪಾಲು ಹೀಗೆ ನೆಂಟರು ಬರೆದದ್ದು. ಹೆಜ್ಜೆ ಗುರುತು ಹಿಡಿದು ದಾರಿ ತೋರಿಸಿದ ಸೋಲಿಗರು ಅವುಗಳಲ್ಲಿ ಬರುತ್ತಾರೆ, ಆದರೆ ಹೆಚ್ಚಾಗಿ ಬೇರೆಯವರ ಕಥೆಯ ನಡುವೆ.

1974ರಲ್ಲಿ ಇದು ವನ್ಯಧಾಮವಾಯಿತು. ಬೇಟೆ ನಿಂತಿತು, ಕುಮರಿ ಬೇಸಾಯ ನಿಂತಿತು. ಕಾಡಿನೊಳಗಿನ ಪೋಡುಗಳಿಂದ ಸೋಲಿಗರನ್ನು ಎಬ್ಬಿಸಿ ರಸ್ತೆಯಂಚಿನ ಕಾಲೊನಿಗಳಿಗೆ ತಂದರು. ಆಮೇಲೆ ಅದೇ ಕ್ಯಾತದೇವರಗುಡಿಯಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಡೇರೆಗಳು ಎದ್ದವು. ಕ್ಯಾತದೇವರು ಸೋಲಿಗರ ದೇವರು. ಪ್ರವಾಸದ ಫಲಕದಲ್ಲಿ ಮಾತ್ರ ಅದು ‘ಕೆ. ಗುಡಿ’. ದೇವರು ಒಂದು ಇಂಗ್ಲಿಷ್ ಅಕ್ಷರಕ್ಕೆ ಇಳಿದುಬಿಟ್ಟ!

ಇನ್ನು ಹೂದೋಟ. ಅದೂ ಇಲ್ಲಿದೆ, ಬೇಡವೆಂದರೂ ಇದೆ. ಕಿತ್ತಳೆ, ಗುಲಾಬಿ ಬಣ್ಣದ ಹೂ ಬಿಡುವ ಲಂಟಾನ ಅಮೆರಿಕದ ಉಷ್ಣವಲಯದ ಗಿಡ. 19ನೇ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದದ್ದು ಬೇಲಿ ದಾಟಿ ದೇಶ ಹಬ್ಬಿತು. ಈ ಬೆಟ್ಟದಲ್ಲಿ 1997 ಮತ್ತು 2008ರಲ್ಲಿ ನಡೆದ ಎರಡು ಸಮೀಕ್ಷೆಗಳ ನಡುವೆ ಅದು ಕಾಣಿಸಿಕೊಂಡ ಜಾಗಗಳ ಪ್ರಮಾಣ ಸುಮಾರು ಎರಡರಷ್ಟಾಗಿತ್ತು. ಕಾರಣವನ್ನು ಸೋಲಿಗರು ನೇರವಾಗಿ ಹೇಳುತ್ತಾರೆ: ‘ತರಗು ಬೆಂಕಿ’ ನಿಂತಿತು. ಬೇಸಿಗೆ ಬಲಿಯುವ ಮುಂಚೆಯೇ ನೆಲದ ತರಗೆಲೆಗೆ ಹಚ್ಚುತ್ತಿದ್ದ, ಮೊಣಕಾಲೆತ್ತರ ಮೀರದ ಬೆಂಕಿ ಅದು. ಎಳೆಯ ಲಂಟಾನವನ್ನೂ ಮರಗಳ ಮೇಲಿನ ಬದನಿಕೆಯ ಬೀಜವನ್ನೂ ಅದು ಹತೋಟಿಯಲ್ಲಿಡುತ್ತಿತ್ತು ಎಂಬ ಅವರ ಮಾತನ್ನು ಪರಿಸರ ವಿಜ್ಞಾನಿಗಳು ಈಗ ಸಂಶೋಧನಾ ಲೇಖನಗಳಲ್ಲಿ ಗಂಭೀರವಾಗಿ ಚರ್ಚಿಸುತ್ತಿದ್ದಾರೆ. ಇಲಾಖೆಯ ಕಡತದಲ್ಲಿ ಮಾತ್ರ ಬೆಂಕಿ ಎಂದರೆ ಎಲ್ಲವೂ ಒಂದೇ, ಅಪರಾಧ. ಕಾಡ್ಗಿಚ್ಚಿನ ಭಯ ಸುಳ್ಳಲ್ಲ. ಆದರೆ ಅಡುಗೆಮನೆಯ ಒಲೆಗೂ ಮನೆ ಸುಡುವ ಬೆಂಕಿಗೂ ವ್ಯತ್ಯಾಸ ಮಾಡದ ಕಾನೂನನ್ನು ಜಾಣತನವೆಂದು ನಾನು ಒಪ್ಪಲಾರೆ.

2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಮತ್ತೆ ಎಬ್ಬಿಸುತ್ತಾರೆಂಬ ಆತಂಕದ ನಡುವೆಯೇ, ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯ ಅಡಿಯಲ್ಲಿ 25 ಗ್ರಾಮಸಭೆಗಳು ಸಮುದಾಯದ ಹಕ್ಕುಪತ್ರ ಪಡೆದವು. ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಆ ಹಕ್ಕು ಕೇಳುವಾಗ ಸೋಲಿಗರು ಮುಂದಿಟ್ಟ ದಾಖಲೆಗಳಲ್ಲಿ ಒಂದು ನಕ್ಷೆ. ಹಿರಿಯರು ಕಾಡಿನೊಳಗೆ ನಡೆದು ತೋರಿಸಿದ ಕಡೆಯಲ್ಲೆಲ್ಲ ಜಿಪಿಎಸ್ ಹಿಡಿದು ಗುರುತು ಮಾಡಿದ ನೂರಾರು ಜಾಗಗಳು ಅದರಲ್ಲಿವೆ: ಯಾವ ಕುಲದ ಎಲ್ಲೆ, ಯಾವ ಕಲ್ಲುಗುಡಿ, ಯಾವ ಅಬ್ಬಿ. ಕ್ಯಾತದೇವರಿಗೆ ಅಲ್ಲಿ ಪೂರ್ತಿ ಹೆಸರಿದೆ.