ಹಣ್ಣಿನ ಬೀಜ ಒಣಗಿಸಿಟ್ಟು ಮಳೆ ಬಂದಾಗ ಎಸೆದರೆ ಮರವಾಗುತ್ತದೆಯೇ?

ಮಾವು, ಹಲಸು, ನೇರಳೆ, ಬೇವಿನ ಬೀಜ ಬಿಸಾಡಬೇಡಿ, ತೊಳೆದು ಬಿಸಿಲಲ್ಲಿ ಒಣಗಿಸಿಟ್ಟು ಮಳೆಗಾಲದಲ್ಲಿ ರಸ್ತೆ ಬದಿಗೆ ಎಸೆಯಿರಿ ಎಂಬ ಸಂದೇಶ ಬೇಸಿಗೆ ಬಂತೆಂದರೆ ವಾಟ್ಸಾಪ್‌ನಲ್ಲಿ ಹರಿದಾಡುತ್ತದೆ. ನಿಮಗೂ ಬಂದಿರಬಹುದು. ಉದ್ದೇಶ ಒಳ್ಳೆಯದೇ. ಆದರೆ ಈ ನಾಲ್ಕೂ ಬೀಜಗಳು ಹೆಚ್ಚು ದಿನ ಇಟ್ಟರೆ ಬಾಳುವಂಥವಲ್ಲ. ಹಲಸು, ನೇರಳೆ, ಮಾವಿನ ಬೀಜದ ತೇವ ಆರಿದರೆ ಒಳಗಿನ ಮೊಳಕೆಯೇ ಸಾಯುತ್ತದೆ.

ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಹೊಲದ ಬದುಗಳಲ್ಲಿ ಕಾಣುವ ಬೇವನ್ನೇ ನೋಡೋಣ. ಅದರ ಹಣ್ಣು ಮಾಗುವುದು ಹೆಚ್ಚಾಗಿ ಜೂನ್-ಜುಲೈನಲ್ಲಿ. ಈ ಜಿಲ್ಲೆಯ ಬಹುಭಾಗ ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿದೆ. ಇಲ್ಲಿ ಜೋರು ಮಳೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಅಲ್ಲಿಯವರೆಗೆ ಡಬ್ಬಿಯಲ್ಲಿಟ್ಟ ಬೇವಿನ ಬೀಜದಲ್ಲಿ ಮೊಳೆಯುವ ಶಕ್ತಿ ಉಳಿಯುವುದು ಅಪರೂಪ. ಎರಡು-ಮೂರು ವಾರ ಕಳೆದರೇ ಅದು ಕುಸಿಯತೊಡಗುತ್ತದೆ.

ಹಾಗಾದರೆ ಯಾವಾಗ ಕೀಳಬೇಕು? ಕಾಯಿ ಹಸಿರಿನಿಂದ ಹಳದಿಗೆ ತಿರುಗುವಾಗ, ಮರದಿಂದಲೇ. ನೆಲಕ್ಕೆ ಬಿದ್ದು ಕೆಲ ದಿನವಾದ ಹಣ್ಣಿಗೆ ಬೂಷ್ಟು ಹಿಡಿದಿರುತ್ತದೆ. ತಿರುಳನ್ನು ಅಂದೇ ಉಜ್ಜಿ ತೊಳೆಯಿರಿ, ನೆರಳಲ್ಲಿ ಆರಿಸಿ, ಬಟ್ಟೆ ಚೀಲದಲ್ಲಿಡಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಬೀಜ ಬೆವರಿ ಕೊಳೆಯುತ್ತದೆ. ಹತ್ತು-ಹದಿನೈದು ದಿನದೊಳಗೆ ಮಣ್ಣು ತುಂಬಿದ ಚೀಲಗಳಿಗೆ ಬಿತ್ತಿದರೆ ಸೆಪ್ಟೆಂಬರ್ ಮಳೆಗೆ ಎಳೆ ಸಸಿ ಸಿದ್ಧ.

ಬೀಜ ಜೀವಂತವಾಗಿದೆಯೇ ಎಂದು ತಿಳಿಯಲು ನಾಲ್ಕೈದನ್ನು ಕತ್ತರಿಸಿ ನೋಡಿ. ಒಳಗಿನ ಬೇಳೆ ಹಸಿರಾಗಿದ್ದರೆ ಬಿತ್ತಬಹುದು. ಕಂದಾಗಿದ್ದರೆ ಪ್ರಯೋಜನವಿಲ್ಲ. (ಕೀಟಗಳಿಗೆ ಸಿಂಪಡಿಸುವ ಬೇವಿನ ಬೀಜದ ಕಷಾಯಕ್ಕೆ ಮಾತ್ರ ಕೆಲ ತಿಂಗಳು ಒಣಗಿಸಿಟ್ಟ ಬೀಜ ಧಾರಾಳವಾಗಿ ಆಗುತ್ತದೆ. ಬಹುಶಃ ಗೊಂದಲ ಹುಟ್ಟಿದ್ದೇ ಇಲ್ಲಿ.)

ಎಲ್ಲ ಮರಗಳೂ ಹೀಗಿಲ್ಲ. ಹಿಮಾಲಯದ ಪೈನ್ ಮರದ ಕಾಯಿಯನ್ನು ಕಂದು ಬಣ್ಣಕ್ಕೆ ತಿರುಗಿದ ಮೇಲೆ, ಬಿರಿಯುವ ಮುನ್ನ ಕೀಳುತ್ತಾರೆ. ತಡವಾದರೆ ರೆಕ್ಕೆಯುಳ್ಳ ಬೀಜ ಗಾಳಿಗೆ ಹಾರಿಹೋಗುತ್ತದೆ. ಆ ಬೀಜವನ್ನು ಒಣಗಿಸಿ ತಣ್ಣಗಿಟ್ಟರೆ ವರ್ಷಗಟ್ಟಲೆ ಬಾಳುತ್ತದೆ. ನಮ್ಮಲ್ಲಿ ಹುಣಸೆ ಬೀಜವೂ ಗಟ್ಟಿ ಸಿಪ್ಪೆಯಿಂದಾಗಿ ಬಹುಕಾಲ ಕೆಡದೆ ಉಳಿಯುತ್ತದೆ. ಕೂಡಿಟ್ಟು ಬಿತ್ತುವ ಆಸೆಯಿದ್ದವರು ಹುಣಸೆಯನ್ನೇ ಆರಿಸಿಕೊಳ್ಳಲಿ.

ಇನ್ನೊಂದು ಮಾತು: ಗುಂಡ್ಲುಪೇಟೆಯಿಂದ ಊಟಿಗೋ ವಯನಾಡಿಗೋ ಹೋಗುವಾಗ ಕಾರಿನ ಕಿಟಕಿಯಿಂದ ಬೀಜ ಎಸೆಯಬೇಡಿ. ಆ ರಸ್ತೆಗಳು ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದೊಳಗೆ ಸಾಗುತ್ತವೆ. ಹೊರಗಿನಿಂದ ಬಂದ ಲಂಟಾನ ಆ ಕಾಡನ್ನು ಆಗಲೇ ಆವರಿಸಿಕೊಂಡಿದೆ.