ರುಮಟಾಯ್ಡ್ ಸಂಧಿವಾತದಲ್ಲಿ ಆಹಾರ ಮತ್ತು ಪೋಷಣೆ

ರುಮಟಾಯ್ಡ್ ಸಂಧಿವಾತವು ದೇಹದ ರೋಗನಿರೋಧಕ ವ್ಯವಸ್ಥೆಯು ಕೀಲುಗಳ ಒಳಪೊರೆಯ ಮೇಲೆಯೇ ದಾಳಿ ಮಾಡುವುದರಿಂದ ಉಂಟಾಗುವ ದೀರ್ಘಕಾಲಿಕ ಉರಿಯೂತದ ಕಾಯಿಲೆ. ಇದನ್ನು ಗುಣಪಡಿಸುವ ಆಹಾರ ಯಾವುದೂ ಇಲ್ಲ. ಪಥ್ಯವನ್ನೇ ನಂಬಿ ಔಷಧಿಯನ್ನು ನಿಲ್ಲಿಸಿದರೆ ಕೀಲುಗಳು ಶಾಶ್ವತವಾಗಿ ಹಾಳಾಗಬಹುದು. ಆದರೆ ಸೂಕ್ತ ಆಹಾರವು ಚಿಕಿತ್ಸೆಗೆ ಪೂರಕವಾಗಿದ್ದು, ಸ್ನಾಯು, ಮೂಳೆ ಮತ್ತು ಹೃದಯದ ಆರೋಗ್ಯವನ್ನು ಕಾಪಾಡಲು ನೆರವಾಗುತ್ತದೆ.

ತಪ್ಪು ಗ್ರಹಿಕೆಗಳು

ಕನ್ನಡದಲ್ಲಿ ಕೀಲುನೋವಿನ ಹಲವು ಕಾಯಿಲೆಗಳನ್ನು 'ಸಂಧಿವಾತ' ಎಂಬ ಒಂದೇ ಹೆಸರಿನಿಂದ ಕರೆಯುವುದು ಗೊಂದಲಕ್ಕೆ ಎಡೆಮಾಡಿದೆ. ಯೂರಿಕ್ ಆಮ್ಲದ ಹೆಚ್ಚಳದಿಂದ ಬರುವ ಗೌಟ್ ಕಾಯಿಲೆಯ ಪಥ್ಯವನ್ನು ರುಮಟಾಯ್ಡ್ ರೋಗಿಗಳೂ ಪಾಲಿಸಿ ಬೇಳೆಕಾಳುಗಳನ್ನು ತ್ಯಜಿಸುವುದುಂಟು. ಇದು ಅನಗತ್ಯ ಮಾತ್ರವಲ್ಲ, ಹಾನಿಕರವೂ ಹೌದು. ದೀರ್ಘಕಾಲದ ಉರಿಯೂತದಿಂದ ಸ್ನಾಯುಗಳು ಕ್ಷೀಣಿಸುವ ಈ ಕಾಯಿಲೆಯಲ್ಲಿ ಬೇಳೆ, ಹಾಲು, ಮೊಟ್ಟೆ, ಮೀನುಗಳಿಂದ ದೊರೆಯುವ ಪ್ರೋಟೀನ್ ಅತ್ಯಗತ್ಯ. ಬದನೆ, ಟೊಮೆಟೊ, ಆಲೂಗಡ್ಡೆಗಳು ನೋವನ್ನು ಹೆಚ್ಚಿಸುತ್ತವೆ ಎಂಬ ನಂಬಿಕೆಗೂ ದೃಢವಾದ ವೈಜ್ಞಾನಿಕ ಆಧಾರವಿಲ್ಲ. ಯಾವುದಾದರೂ ಒಂದು ಪದಾರ್ಥ ತನಗೆ ಒಗ್ಗುವುದಿಲ್ಲವೆಂದು ರೋಗಿಗೆ ಅನ್ನಿಸಿದರೆ ಅದನ್ನಷ್ಟೇ ಕೆಲವು ವಾರ ಬಿಟ್ಟು ನೋಡಬಹುದು.

ಆಹಾರ ಕ್ರಮ

ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿಯ 2022ರ ಮಾರ್ಗಸೂಚಿಯು ಮೆಡಿಟರೇನಿಯನ್ ಮಾದರಿಯ ಆಹಾರವನ್ನು ಷರತ್ತುಬದ್ಧವಾಗಿ ಶಿಫಾರಸು ಮಾಡಿದೆ. ತರಕಾರಿ, ಹಣ್ಣು, ಇಡೀ ಧಾನ್ಯ, ಕಾಳು, ಮೀನು ಮತ್ತು ಆಲಿವ್ ಎಣ್ಣೆ ಇದರ ಮುಖ್ಯ ಅಂಶಗಳು. ಸೊಪ್ಪಿನ ಸಾರು, ಕಾಳುಪಲ್ಯ, ಕೋಸಂಬರಿ, ರಾಗಿಮುದ್ದೆಗಳ ಊಟವು ಇದರಿಂದ ಬಹಳ ದೂರವೇನಿಲ್ಲ. ಕರಾವಳಿಯ ಬಂಗುಡೆ, ಬೂತಾಯಿ ಮೀನುಗಳಲ್ಲಿ ಉರಿಯೂತವನ್ನು ತಗ್ಗಿಸುವ ಒಮೇಗಾ-3 ಕೊಬ್ಬಿನಾಮ್ಲಗಳು ಹೇರಳವಾಗಿವೆ. ಆದರೆ ಹುರಿದು ತಿನ್ನುವುದಕ್ಕಿಂತ ಸಾರು ಮಾಡಿ ತಿನ್ನುವುದು ಮೇಲು. ಸಸ್ಯಾಹಾರಿಗಳಿಗೆ ಅಗಸೆಬೀಜ ಮತ್ತು ಆಕ್ರೋಟ್ ಲಭ್ಯವಿದ್ದರೂ, ಅವುಗಳಲ್ಲಿರುವ ಒಮೇಗಾ-3ರ ಅಲ್ಪಭಾಗ ಮಾತ್ರ ದೇಹದಲ್ಲಿ ಮೀನೆಣ್ಣೆಯ ರೂಪಕ್ಕೆ ಮಾರ್ಪಡುತ್ತದೆ. ಅಧಿಕ ತೂಕವಿರುವವರಲ್ಲಿ ತೂಕ ಇಳಿಕೆಯು ಮಂಡಿ ಮತ್ತು ಪಾದಗಳ ಮೇಲಿನ ಭಾರವನ್ನು ಕಡಿಮೆ ಮಾಡುತ್ತದೆ.

ಔಷಧಿಗಳೊಂದಿಗಿನ ಸಂಬಂಧ

ವಾರಕ್ಕೊಮ್ಮೆ ಸೇವಿಸುವ ಮೆಥೊಟ್ರೆಕ್ಸೇಟ್ ಔಷಧಿಯು ಫೋಲೇಟ್‌ನ ಕಾರ್ಯಕ್ಕೆ ಅಡ್ಡಿಯಾಗುವುದರಿಂದ, ವೈದ್ಯರು ಫೋಲಿಕ್ ಆಮ್ಲದ ಮಾತ್ರೆಯನ್ನೂ ನೀಡುತ್ತಾರೆ. ಸೊಪ್ಪು ತಿನ್ನುವುದು ಈ ಮಾತ್ರೆಗೆ ಬದಲಿಯಲ್ಲ. ಮದ್ಯಪಾನವು ಈ ಔಷಧಿಯಿಂದ ಯಕೃತ್ತಿಗೆ ಆಗಬಹುದಾದ ಹಾನಿಯನ್ನು ಹೆಚ್ಚಿಸುತ್ತದೆ. ಸ್ಟಿರಾಯ್ಡ್‌ಗಳ ದೀರ್ಘಕಾಲದ ಬಳಕೆಯು ಮೂಳೆಗಳನ್ನು ಟೊಳ್ಳಾಗಿಸುವುದರಿಂದ ಕ್ಯಾಲ್ಸಿಯಂ ಮತ್ತು ಡಿ ಜೀವಸತ್ವ ಮುಖ್ಯವಾಗುತ್ತವೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ನೋವುನಿವಾರಕಗಳನ್ನು ಸಾಮಾನ್ಯವಾಗಿ ಊಟದ ನಂತರವೇ ಸೇವಿಸಲು ಸೂಚಿಸಲಾಗುತ್ತದೆ.

ಈ ರೋಗಿಗಳಲ್ಲಿ ರಕ್ತಹೀನತೆಯೂ ಸಾಮಾನ್ಯ. ಅದಕ್ಕೆ ಉರಿಯೂತವೇ ಕಾರಣವಾಗಿದ್ದರೆ ಕಬ್ಬಿಣಾಂಶದ ಆಹಾರವೊಂದರಿಂದಲೇ ಅದು ಸರಿಹೋಗುವುದಿಲ್ಲ. ರಕ್ತಪರೀಕ್ಷೆಯಿಂದ ಕಾರಣವನ್ನು ತಿಳಿಯಬೇಕಾಗುತ್ತದೆ.