ಲಿಂಕನ್ನನ ಕನ್ಯಾನ್ವೇಷಣೆ

ಮಹಾಪುರುಷರ ಚರಿತ್ರೆಗಳಲ್ಲಿ ವಿವಾಹಪ್ರಕರಣವನ್ನು ಒಂದೆರಡು ವಾಕ್ಯಗಳಲ್ಲಿ ಮುಗಿಸಿಬಿಡುವುದುಂಟು. ಕೂಡಿಬಾರದೆ ಹೋದ ಸಂಬಂಧಗಳಿಗಂತೂ ಅಷ್ಟು ಸ್ಥಳವೂ ದೊರೆಯುವುದು ಕಷ್ಟ. ಅಬ್ರಹಾಂ ಲಿಂಕನ್ನನ ವಿಷಯದಲ್ಲಿ ಮಾತ್ರ ನಾವು ಅದೃಷ್ಟವಂತರು. ತನ್ನ ಒಂದು ಮುರಿದ ಸಂಬಂಧದ ಕಥೆಯನ್ನು ಅವನೇ ಬರೆದಿಟ್ಟಿದ್ದಾನೆ. ಆ ಕನ್ಯೆಯೂ ತನ್ನ ಪಾಲಿನ ಕಥೆಯನ್ನು ಹೇಳಿದ್ದಾಳೆ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದಾಗ ನನಗೆ ಮೊದಲು ನಗು ಬಂತು. ಆಮೇಲೆ ಆ ನಗೆಯ ವಿಷಯವಾಗಿಯೇ ಯೋಚನೆ ಹತ್ತಿತು.

1836ರ ಮಾತು. ಲಿಂಕನ್ನನಿಗೆ ಆಗ 27 ವರ್ಷ. ಇಲಿನಾಯ್ ಸಂಸ್ಥಾನದ ನ್ಯೂ ಸೇಲಂ ಎಂಬ ಹಳ್ಳಿಯಲ್ಲಿ ವಾಸ. ಶಾಸನಸಭೆಯ ಸದಸ್ಯತ್ವವೇನೋ ಇತ್ತು, ಕೈಯಲ್ಲಿ ಕಾಸಿರಲಿಲ್ಲ. ಆ ಕಡೆಯಲ್ಲೇ ಸಂಸಾರ ಹೂಡಿದ್ದ ಶ್ರೀಮತಿ ಏಬೆಲ್ ಎಂಬಾಕೆ ಕೆಂಟಕಿಯ ತನ್ನ ತವರಿಗೆ ಹೊರಟಳು. ತಂಗಿ ಮೇರಿ ಓವೆನ್ಸಳನ್ನು ಕರೆತಂದರೆ ಮದುವೆಯಾಗುತ್ತೀಯೇನು ಎಂದು ಲಿಂಕನ್ನನನ್ನು ಕೇಳಿದಳು. ಮೂರು ವರ್ಷದ ಹಿಂದೆ ಮೇರಿಯನ್ನು ನೋಡಿದ್ದ ಇವನು ಆಗಲಿ ಎಂದುಬಿಟ್ಟ. ಅಕ್ಕ ತಂಗಿಯನ್ನು ನಿಜವಾಗಿಯೂ ಕರೆದುಕೊಂಡೇ ಬಂದಳು!

ಮುಂದಿನ ಪಾಡನ್ನು ಲಿಂಕನ್ 1838ರ ಏಪ್ರಿಲ್ 1ರಂದು, ಮೂರ್ಖರ ದಿನವೇ, ಮಿತ್ರನ ಪತ್ನಿ ಶ್ರೀಮತಿ ಬ್ರೌನಿಂಗ್‌ಗೆ ಬರೆದ ಪತ್ರದಲ್ಲಿ ವಿವರಿಸಿದ್ದಾನೆ. ಮನಸ್ಸಿನಲ್ಲಿದ್ದ ಚಿತ್ರಕ್ಕೂ ಎದುರಿಗೆ ನಿಂತ ಮೂರ್ತಿಗೂ ಹೊಂದಲಿಲ್ಲವಂತೆ. ಆಕೆಯ ಮೈಕಟ್ಟಿಗೆ ಷೇಕ್ಸ್‌ಪಿಯರನ ಸ್ಥೂಲಕಾಯ ಫಾಲ್‌ಸ್ಟಾಫನ ಹೋಲಿಕೆ. ಹಲ್ಲಿನ ಕೊರತೆಯ ಮಾತು. ಕಂಡೊಡನೆ ತಾಯಿಯ ನೆನಪಾಯಿತೆಂಬ ದೂರು. ಆದರೂ ಕೊಟ್ಟ ಮಾತಿಗೆ ತಪ್ಪಬಾರದಲ್ಲ! ರೂಪಕ್ಕಿಂತ ಬುದ್ಧಿ ದೊಡ್ಡದೆಂದು ತನಗೆ ತಾನೇ ಉಪದೇಶ ಮಾಡಿಕೊಂಡ.

ಉಪದೇಶ ಅಷ್ಟಾಗಿ ನಾಟಿದಂತಿಲ್ಲ. 1837ರ ಏಪ್ರಿಲ್‌ನಲ್ಲಿ ಸ್ಪ್ರಿಂಗ್‌ಫೀಲ್ಡಿಗೆ ಬಂದು ವಕೀಲಿ ಆರಂಭಿಸಿದವನು ಮೇ 7ರಂದು ಮೇರಿಗೇ ಒಂದು ಕಾಗದ ಬರೆದ. ಇಲ್ಲಿ ಜನ ಸಾರೋಟುಗಳಲ್ಲಿ ಮೆರೆಯುತ್ತಾರೆ, ನೀನು ನೋಡಿಕೊಂಡು ಕೂರಬೇಕಾದೀತು. ಬಡತನವನ್ನು ಮುಚ್ಚಿಕೊಳ್ಳುವುದಕ್ಕೂ ದಾರಿಯಿರದು. ಬಾರದಿರುವುದೇ ಲೇಸೆಂದು ನನ್ನ ಅಭಿಪ್ರಾಯ ಎಂಬುದು ಅದರ ಸಾರಾಂಶ. ಆಗಸ್ಟ್ 16ರ ಕಾಗದದಲ್ಲಿ, ಈ ಸಂಬಂಧ ಬೇಡವೆನಿಸಿದರೆ ಉತ್ತರವನ್ನೇ ಬರೆಯಬೇಡ ಎಂದ. ಪ್ರೇಮಪತ್ರವೆಂದು ತೆರೆದವರಿಗೆ ವಕೀಲರ ನೋಟೀಸು ಸಿಕ್ಕಂತಾಗುತ್ತದೆ!

ಕೊನೆಗೆ ಧೈರ್ಯ ತಂದುಕೊಂಡು ಮದುವೆಯ ಮಾತೆತ್ತಿದ. ಮೇರಿ ಒಲ್ಲೆನೆಂದಳು. ನಾಚಿಕೆಯಿರಬೇಕೆಂದು ಮತ್ತೆ ಕೇಳಿದ. ಇನ್ನೂ ಗಟ್ಟಿಯಾಗಿ ಒಲ್ಲೆನೆಂದಳು. ಎಷ್ಟು ಸಲ ಕೇಳಿದರೂ ಅದೇ ಉತ್ತರ. ಬೇರಾರೂ ಈಕೆಯನ್ನು ವರಿಸಲಾರರೆಂದು ನಂಬಿದ್ದವನಿಗೆ ಆಕೆಯೇ ಬೇಡವೆಂದಾಗ ಆದ ಮುಖಭಂಗವನ್ನು ಲಿಂಕನ್ ಬಚ್ಚಿಟ್ಟಿಲ್ಲ. ಆಗಲೇ ತನಗೆ ಆಕೆಯಲ್ಲಿ ತುಸು ಅನುರಾಗವಿದ್ದಿರಬಹುದೆಂಬ ಸಂಶಯವೂ ಅವನಿಗೆ ಹುಟ್ಟಿತು. ಬೇರೆಯವರನ್ನು ಹುಡುಗಿಯರು ಮೂರ್ಖರನ್ನಾಗಿ ಮಾಡಿದ್ದಾರೆ, ನಾನು ನನ್ನನ್ನೇ ಮಾಡಿಕೊಂಡೆ, ಇನ್ನು ಮದುವೆಯ ಯೋಚನೆಯೇ ಬೇಡ, ನನ್ನನ್ನು ಒಪ್ಪುವಷ್ಟು ದಡ್ಡಿಯಾದವಳು ನನಗೆ ಹಿಡಿಸಲಾರಳು ಎಂಬ ಧಾಟಿಯಲ್ಲಿ ಪತ್ರ ಮುಗಿಯುತ್ತದೆ. ಬ್ರೌನಿಂಗ್ ದಂಪತಿಗಳು ಇದನ್ನು ಕಟ್ಟುಕಥೆಯೆಂದೇ ಭಾವಿಸಿದ್ದರು. ಅವರೆಣಿಸಿದ್ದಕ್ಕಿಂತ ಹೆಚ್ಚು ನಿಜ ಅದರಲ್ಲಿತ್ತೆಂದು ತಿಳಿದದ್ದು ಅವನು ಅಧ್ಯಕ್ಷನಾದ ಮೇಲೆ.

ಇನ್ನು ಆಕೆಯ ಸಾಕ್ಷ್ಯ. 1865ರಲ್ಲಿ ಲಿಂಕನ್ನನ ಹತ್ಯೆಯಾದ ಬಳಿಕ, ಅವನ ವಕೀಲಿಯ ಪಾಲುಗಾರ ವಿಲಿಯಂ ಹರ್ನ್‌ಡನ್ ಚರಿತ್ರೆಗಾಗಿ ಸಾಮಗ್ರಿ ಕೂಡಿಸತೊಡಗಿದ. 1841ರಲ್ಲಿ ಬೇರೊಬ್ಬರನ್ನು ವರಿಸಿ ಮಿಸೌರಿಯಲ್ಲಿ ನೆಲೆಸಿದ್ದ ಮೇರಿ 1866ರಲ್ಲಿ ಅವನಿಗೆ ಉತ್ತರ ಬರೆದಳು. ಹಳೆಯ ಕಾಗದಗಳನ್ನೂ ಜೋಪಾನವಾಗಿಟ್ಟಿದ್ದಳು. ಹೆಣ್ಣಿನ ಸುಖದ ಸರಪಳಿಗೆ ಬೇಕಾದ ಸಣ್ಣ ಸಣ್ಣ ಕೊಂಡಿಗಳು ಲಿಂಕನ್ನನಲ್ಲಿರಲಿಲ್ಲ ಎಂಬುದು ಆಕೆಯ ತೀರ್ಪು. ಒಮ್ಮೆ ಕುದುರೆಯ ಮೇಲೆ ಹೊರಟ ಗುಂಪಿಗೆ ಅಪಾಯದ ಹಳ್ಳವೊಂದು ಎದುರಾಯಿತು. ಉಳಿದ ಗಂಡಸರು ತಮ್ಮ ಸಂಗಡದ ಹೆಂಗಸರನ್ನು ಎಚ್ಚರದಿಂದ ದಾಟಿಸಿದರು. ಇವನು ಹಿಂದಿರುಗಿಯೂ ನೋಡದೆ ಮುಂದೆ ಹೋದ. ನನ್ನ ಕತ್ತು ಮುರಿದರೂ ನಿನಗೆ ಚಿಂತೆಯಿಲ್ಲವಷ್ಟೇ ಎಂದು ಆಕೆ ಕೇಳಿದ್ದಕ್ಕೆ, ನಿನ್ನನ್ನು ನೀನೇ ನೋಡಿಕೊಳ್ಳುವಷ್ಟು ಜಾಣೆ ನೀನು ಎಂದು ನಕ್ಕನಂತೆ. ಒಳ್ಳೆಯ ಮನಸ್ಸಿಲ್ಲವೆಂದಲ್ಲ, ತಾವಿಬ್ಬರೂ ಬೆಳೆದ ರೀತಿಯೇ ಬೇರೆಯೆಂದು ಮೇರಿ ಹೇಳುತ್ತಾಳೆ. ಆಕೆಯ ಮಾತಿನಲ್ಲಿ ಕಹಿಯಿಲ್ಲ, ಅವನ ಮೈಕಟ್ಟಿನ ಹಾಸ್ಯವೂ ಇಲ್ಲ. ಇಲ್ಲಿ ಇನ್ನೊಂದು ಮಾತು: ಆಕೆ ರೂಪವತಿ, ಸುಶಿಕ್ಷಿತೆ ಎಂದು ಕಂಡವರು ಹರ್ನ್‌ಡನ್ನನಿಗೆ ಹೇಳಿದ್ದಾರೆ.

ಹೆಣ್ಣು ನೋಡಿ ಬಂದವರು ಹೇಳುವ ಹಾಸ್ಯಕಥೆಗಳನ್ನು ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ನಾನೂ ಕೇಳಿ ನಕ್ಕಿದ್ದೇನೆ. ಆ ಕಥೆಗಳಲ್ಲಿ ಎದುರುಪಕ್ಷ ಹಾಜರಿರುವುದಿಲ್ಲ. ಲಿಂಕನ್ನನ ಪತ್ರದಲ್ಲಿ ಆಕೆಯ ಹಲ್ಲನ್ನು ಕುರಿತ ಹಾಸ್ಯ ನನಗೀಗ ಹಳಸಿದಂತೆ ತೋರುತ್ತದೆ. ತನ್ನನ್ನೇ ಗುರಿಮಾಡಿಕೊಂಡ ಕೊನೆಯ ಭಾಗ ಮಾತ್ರ ಇಂದಿಗೂ ನಗಿಸುತ್ತದೆ. ಅವನ ಪರವಾಗಿ ಒಂದನ್ನು ಹೇಳಬೇಕು: ಆ ಪತ್ರದಲ್ಲಿ ಅವನು ಮೇರಿಯ ಹೆಸರೆತ್ತಿಲ್ಲ. ಅಗಲಿ ಸುಮಾರು ಒಂದು ವರ್ಷದ ಮೇಲೆ ಅಕ್ಕನ ಮೂಲಕ ಆಕೆಗೊಂದು ಸಂದೇಶ ಮುಟ್ಟಿತು: ನಿಂತು ನನ್ನನ್ನು ಮದುವೆಯಾಗದೆ ಹೋದ ನಿನ್ನ ತಂಗಿ ದೊಡ್ಡ ಮೂರ್ಖಳೆಂದು ಹೇಳು ಎಂದಿದ್ದನಂತೆ. ಆ ಮನುಷ್ಯನ ಸ್ವಭಾವವೇ ಅದು ಎಂದಷ್ಟೇ ಆಕೆ ಹರ್ನ್‌ಡನ್ನನಿಗೆ ಬರೆದಳು.